ಎಲ್ಲರೂ ಒಪ್ಪಿದ ಒಂದು ಕಿಂಡಿ

ಮಕ್ಕಳೇ, ಹಿಂದೆ ಬಳ್ಳಾರಿಯ ರೈಲು ಎಷ್ಟು ಅಗಲದ ಹಳಿಯ ಮೇಲೆ ಓಡುತ್ತಿತ್ತೆಂದು ನಿಮ್ಮ ಅಜ್ಜನನ್ನು ಕೇಳಿ. ಅದು ಮೀಟರ್ ಗೇಜ್, 1,000 ಮಿಲಿಮೀಟರ್. ಈಗಿನ ಬ್ರಾಡ್ ಗೇಜ್ 1,676 ಮಿಲಿಮೀಟರ್. ಒಂದರ ಬೋಗಿ ಇನ್ನೊಂದರ ಮೇಲೆ ಓಡದು. ಗೇಜ್ ಬದಲಾಗುವ ಊರಿನಲ್ಲಿ ಜನ ಇಳಿದು ಬೇರೆ ರೈಲು ಹತ್ತಬೇಕಿತ್ತು.

ಕಂಪ್ಯೂಟರಿನ ಕಥೆಯೂ ಹೀಗೇ ಇತ್ತು. ಕೀಬೋರ್ಡಿಗೆ ದುಂಡನೆಯ ಕಿಂಡಿ, ಪ್ರಿಂಟರಿಗೆ 25 ಪಿನ್ನಿನ ಅಗಲ ಕಿಂಡಿ, ಮೋಡೆಮ್ಮಿಗೆ ಮತ್ತೊಂದು. ಈ ಗೋಜಲು ಬಿಡಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಸೇರಿದಂತೆ ಏಳು ಕಂಪನಿಗಳು ಕೈಜೋಡಿಸಿದವು. 1996ರಲ್ಲಿ ಯುಎಸ್‌ಬಿ ಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಇಂಟೆಲ್‌ನಲ್ಲಿದ್ದ, ಭಾರತದಲ್ಲಿ ಹುಟ್ಟಿದ ಅಜಯ್ ಭಟ್. ಎಲ್ಲರೂ ಒಂದೇ ಅಳತೆ ಒಪ್ಪಿದ್ದರಿಂದ ಮೌಸ್, ಪ್ರಿಂಟರ್, ಪೆನ್‌ಡ್ರೈವ್ ಎಲ್ಲಕ್ಕೂ ಒಂದೇ ಕಿಂಡಿ ಸಾಕಾಯಿತು.

ಬಳ್ಳಾರಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಸಿರುಗುಪ್ಪದ ಅಕ್ಕಿ ಗಿರಣಿಯವರು ಹಳೆಯ ಲೆಕ್ಕ ತೆಗೆಸಲು ಬರುತ್ತಾರೆ. ಒಮ್ಮೆ ಕುರುಗೋಡಿನಿಂದ ಅಜ್ಜಿಯೊಬ್ಬರು ಮೊಮ್ಮಗನ ಜೊತೆ ಬಂದರು. ಕಂಪ್ಯೂಟರ್ ಗುಜರಿಗೆ ಹೋಗಿತ್ತು, ಹಾರ್ಡ್ ಡಿಸ್ಕ್ ಮಾತ್ರ ಚೀಲದಲ್ಲಿತ್ತು. "ಇದ್ರಾಗೆ ನಮ್ಮಪ್ಪನ ಫೋಟೋ ಅದಾವಪ್ಪ, ಹೆಂಗಾದ್ರೂ ತೆಗೆದುಕೊಡು" ಎಂದರು.

ಅದು ಐಡಿಇ ಡಿಸ್ಕ್. ಚಪ್ಪಟೆ ಕೇಬಲ್ಲು, ಎರಡು ಸಾಲು ಪಿನ್ನು. 2003ರಲ್ಲಿ ಏಳೇ ಪಿನ್ನಿನ ಕಿರಿದಾದ ಸಾಟಾ ಕೇಬಲ್ ಬಂದ ಮೇಲೆ ಐಡಿಇ ಮೆಲ್ಲಗೆ ಮರೆಯಾಯಿತು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇಲ್ಲ. ನನ್ನ ಬಳಿ ಐಡಿಇಯಿಂದ ಯುಎಸ್‌ಬಿಗೆ ಮಾತು ದಾಟಿಸುವ ಅಡಾಪ್ಟರ್ ಇದೆ, ಇಬ್ಬರ ನಡುವಿನ ದುಭಾಷಿ ಇದ್ದಂತೆ. ಡಿಸ್ಕ್ ತಿರುಗಲು 12 ವೋಲ್ಟ್ ಬೇಕು, ಅದಕ್ಕೆ ಬೇರೆ ವಿದ್ಯುತ್ ಕೊಟ್ಟೆ. ಡಿಸ್ಕ್ ಗುಂಯ್ ಎಂದು ತಿರುಗಿತು. ಫೋಟೋ ತೆರೆದಾಗ ಹುಡುಗ ಕೇಳಿದ, "ಈ ಮೀಸೆ ಅಜ್ಜ ಯಾರು?" ಅವನು ತನ್ನ ಮುತ್ತಾತನನ್ನು ಕಂಡದ್ದು ಅದೇ ಮೊದಲು.

ಈಗ ಟೈಪ್-ಸಿ ಕಾಲ. 2014ರಲ್ಲಿ ಬಂದ ಇದರಲ್ಲಿ 24 ಪಿನ್ನುಗಳಿವೆ, ಹೇಗೆ ತಿರುಗಿಸಿ ಚುಚ್ಚಿದರೂ ಕೂರುತ್ತದೆ. ಆದರೆ ಆಕಾರ ಒಂದೇ ಎಂದಮಾತ್ರಕ್ಕೆ ವೇಗ ಒಂದೇ ಅಲ್ಲ. ಕೆಲವು ಕೇಬಲ್ಲುಗಳು ಹಳೆಯ ಯುಎಸ್‌ಬಿ 2.0ರ ವೇಗದಲ್ಲೇ, ಸೆಕೆಂಡಿಗೆ ಹೆಚ್ಚೆಂದರೆ 60 ಮೆಗಾಬೈಟ್ ಸಾಗಿಸುತ್ತವೆ. ಕೊಳ್ಳುವಾಗ ಪೊಟ್ಟಣದ ಮೇಲಿನ ಅಂಕಿ ಓದಿ.

ಅಟ್ಟದ ಮೇಲೆ ಹಳೆಯ ಡಿಸ್ಕ್ ಇದ್ದರೆ ಈ ರಜೆಯಲ್ಲೇ ಇಳಿಸಿ. ಅಡಾಪ್ಟರ್ ಸಿಗುವಾಗಲೇ ಎರಡು ಕಡೆ ನಕಲು ಮಾಡಿಡಿ. ಕೀಳುವ ಮುನ್ನ 'ಇಜೆಕ್ಟ್' ಒತ್ತಲು ಮರೆಯಬೇಡಿ. ಫೋಟೋದಲ್ಲಿರುವವರ ಹೆಸರನ್ನು ಅಜ್ಜಿಯಿಂದ ಕೇಳಿ ಬರೆದುಕೊಳ್ಳಿ. ಅದನ್ನು ಯಾವ ಅಡಾಪ್ಟರೂ ತೆಗೆದುಕೊಡದು.