ಮಾಡಿಗೆ ಅಡಿಕೆ ದಬ್ಬೆ: ಬಲವಿರುವುದು ಹೊರಸುತ್ತಿನಲ್ಲಿ

ಸಿಂಧನೂರು ಕಡೆಯ ತುರ್ವಿಹಾಳದಂಥ ಬಯಲುಸೀಮೆಯ ಊರುಗಳಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿನ ಹಳೆಯ ಮನೆಗಳಿಗೆ ತೊಲೆ, ಜಂತೆಗಳ ಮೇಲೆ ಕಟ್ಟಿಗೆ ಹಾಸಿ, ಮಣ್ಣು ಬಡಿದ ಚಪ್ಪಟೆ ಮಾಳಿಗೆಯೇ ಸಾಕಾಗಿತ್ತು. ಮಲೆನಾಡು, ಕರಾವಳಿಯಲ್ಲಿ ಮಳೆ ಅದರ ಹಲವು ಪಟ್ಟು. ಇಲ್ಲಿ ಇಳಿಜಾರಿನ ಮಾಡೇ ಬೇಕು. ಎರಡೂ ಕಡೆಯವರು ಕೈಗೆಟುಕಿದ್ದನ್ನೇ ಬಳಸಿದರು. ನಮಗೆ ಸಿಕ್ಕಿದ್ದು ಅಡಿಕೆ ಮರ ಮತ್ತು ಸೋಗೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆ ಮಾಡುಗಳು ಕ್ರಮೇಣ ಕಡಿಮೆಯಾದವು. ಕೊಟ್ಟಿಗೆ, ಚಪ್ಪರಗಳಿಗೆ ದಬ್ಬೆ ಇಂದಿಗೂ ಬೇಕು.

ದಬ್ಬೆ ಬೇಗ ಕುಂಬಾಗುತ್ತದೆಂಬ ದೂರು ಇದೆ. ತೇಗ, ಹಲಸಿನಲ್ಲಿ ಗಟ್ಟಿ ಚೇಗು ಒಳಗಿರುತ್ತದೆ. ಅಡಿಕೆ, ತೆಂಗು, ತಾಳೆಗಳದ್ದು ಇದಕ್ಕೆ ತಿರುಗುಮುರುಗು: ಗಟ್ಟಿ ನಾರು ಹೊರಸುತ್ತಿನಲ್ಲಿ, ನಡುವೆ ಮೆದು ತಿರುಳು. ತಿರುಳು ನೀರು ಹಿಡಿದಿಡುತ್ತದೆ. ಹುಳಕ್ಕೂ ಅದೇ ಆಹಾರ.

ಆದ್ದರಿಂದ ಮುದಿ ಮರ ಕಡಿದಾಗ ಎಲ್ಲವನ್ನೂ ಸೌದೆಗೆ ಹಾಕಬೇಡಿ. ರೋಗವಿಲ್ಲದ ಮರದ ಬುಡದ ಕಡೆಯ ತುಂಡು ಆರಿಸಿ, ಸೀಳಿ, ತಿರುಳನ್ನು ಪೂರ್ತಿ ಕೆತ್ತಿ ತೆಗೆಯಿರಿ. ಕೆಲವು ವಾರ ನೀರಿನಲ್ಲಿ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ. ಕಟ್ಟಿದ ಮೇಲೆ ಮಳೆನೀರು ತಾಗದಂತೆ ನೋಡಿಕೊಳ್ಳಿ.

ಎಳೆ ಮರದ ಹಾಗೂ ತುದಿಯ ದಬ್ಬೆಯನ್ನು ಮಾಡಿಗೆ ಏರಿಸಲೇಬೇಡಿ. ಹೆಂಚು ಸರಿಪಡಿಸಲು ಹತ್ತಿದವರ ಜೀವ ಅದರ ಮೇಲಿರುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಕೆಳಗಿನಿಂದ ಬಡಿದು ನೋಡಿ. ಪುಡಿ ಉದುರಿದರೆ ಆ ದಬ್ಬೆಯನ್ನು ಬದಲಿಸಿ.