ನಿಮಗಿದು ಗೊತ್ತೆ?: ಮೆಟಾ ಟ್ಯಾಗ್‌ಗೆ ಈಗಲೂ ಬೆಲೆ ಇದೆಯೇ?

ವೆಬ್ ಪುಟದಲ್ಲಿ ಓದುಗರ ಕಣ್ಣಿಗೆ ಬೀಳದಂತೆ, ಬ್ರೌಸರ್ ಮತ್ತು ಸರ್ಚ್ ಎಂಜಿನ್‌ಗಳಿಗಾಗಿ ಬರೆದಿಡುವ ಸಾಲುಗಳೇ ಮೆಟಾ ಟ್ಯಾಗ್‌ಗಳು. 1990ರ ದಶಕದಲ್ಲಿ ಆಲ್ಟಾವಿಸ್ಟಾ, ಇನ್ಫೋಸೀಕ್‌ನಂಥ ಸರ್ಚ್ ಎಂಜಿನ್‌ಗಳು ಇವುಗಳಲ್ಲಿ 'ಕೀವರ್ಡ್ಸ್' ಟ್ಯಾಗನ್ನು ಗಣನೆಗೆ ತೆಗೆದುಕೊಳ್ಳುತ್ತಿದ್ದವು. ತಮ್ಮ ಪುಟದ ಬಗ್ಗೆ ತಾವೇ ಹೇಳಿಕೊಳ್ಳುವ ಅವಕಾಶ ಸಿಕ್ಕರೆ ಯಾರು ಬಿಡುತ್ತಾರೆ? ಪುಟಕ್ಕೆ ಸಂಬಂಧವೇ ಇಲ್ಲದ ಜನಪ್ರಿಯ ಪದಗಳನ್ನು, ಎದುರಾಳಿ ಕಂಪನಿಗಳ ಹೆಸರನ್ನೂ ಅದರೊಳಗೆ ತುರುಕಿದವರಿದ್ದರು. ಕೊನೆಗೆ 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್, ಪುಟಗಳ ಸ್ಥಾನ ನಿರ್ಧರಿಸುವಾಗ ಈ ಟ್ಯಾಗನ್ನು ತಾನು ನೋಡುವುದೇ ಇಲ್ಲವೆಂದು ಬಹಿರಂಗವಾಗಿ ಹೇಳಿತು. ಇವತ್ತಿಗೂ ಅದನ್ನು ತುಂಬಿಕೊಡುತ್ತೇವೆಂದು ದುಡ್ಡು ಕೇಳುವವರಿದ್ದರೆ ಕೊಡಬೇಡಿ.

'ಡಿಸ್ಕ್ರಿಪ್ಷನ್' ಟ್ಯಾಗ್ ಕೂಡ ಪುಟವನ್ನು ಮೇಲಕ್ಕೆ ಏರಿಸದು. ಆದರೆ ಹುಡುಕಾಟದ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಒಂದೆರಡು ಸಾಲು ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಜನ ಅದನ್ನು ಓದಿಯೇ ಕ್ಲಿಕ್ ಮಾಡುವುದು.

ನಿಜವಾದ ತಾಕತ್ತಿರುವುದು 'ರೋಬೋಟ್ಸ್' ಟ್ಯಾಗ್‌ಗೆ. ಅದರಲ್ಲಿ 'ನೋಇಂಡೆಕ್ಸ್' (noindex) ಎಂಬ ಒಂದೇ ಪದವಿದ್ದರೆ ಇಡೀ ಪುಟ ಗೂಗಲ್ ಫಲಿತಾಂಶದಿಂದ ಮಾಯ! ಅದರಲ್ಲೂ ಒಂದು ವಿಚಿತ್ರವಿದೆ: ಈ ಟ್ಯಾಗ್ ಅಲ್ಲದೆ ಸೈಟಿಗೆ ಪ್ರತ್ಯೇಕವಾಗಿರುವ ರೋಬೋಟ್ಸ್ ಕಡತದಲ್ಲಿ (robots.txt) ಆ ಪುಟಕ್ಕೆ ಪ್ರವೇಶವನ್ನೇ ತಡೆದಿದ್ದರೆ ಗೂಗಲ್ ಒಳಗೆ ಬರುವುದಿಲ್ಲ, ಟ್ಯಾಗ್ ಅದಕ್ಕೆ ಕಾಣುವುದೂ ಇಲ್ಲ. ಬೇಡವೆಂದ ಪುಟದ ವಿಳಾಸ ಬೇರೆ ಸೈಟುಗಳ ಲಿಂಕ್ ಮೂಲಕ ಫಲಿತಾಂಶದಲ್ಲಿ ತಲೆ ಹಾಕಬಹುದು.

ಸೈಟ್ ಕಟ್ಟುವಾಗ ಹಾಕಿದ 'ನೋಇಂಡೆಕ್ಸ್' ತೆಗೆಯಲು ಮರೆಯುವವರು ಬಹಳ. ನಿಮ್ಮ ಪುಟ ಗೂಗಲ್‌ನಲ್ಲಿ ಸಿಗುತ್ತಿಲ್ಲವೆಂದರೆ, ಬ್ರೌಸರ್‌ನಲ್ಲಿ 'ವ್ಯೂ ಪೇಜ್ ಸೋರ್ಸ್' ತೆರೆದು ಮೊದಲು ಆ ಪದವನ್ನು ಹುಡುಕಿ.