‘34 ಸೈಜ್‌ಗೆ 300 ಸಿಸಿ’: ಸ್ತನ ಇಂಪ್ಲಾಂಟ್ ಅಳತೆಯ ಪಟ್ಟಿಗಳನ್ನು ನಂಬಬಹುದೇ?

‘ಬ್ರಾ ಸೈಜ್ 32 ಇದ್ದರೆ 250 ಸಿಸಿ, 34 ಇದ್ದರೆ 300 ಸಿಸಿ, 36 ಇದ್ದರೆ 350 ಸಿಸಿ.’ ಸ್ತನ ಇಂಪ್ಲಾಂಟ್ ಬಗ್ಗೆ ಮೊಬೈಲ್‌ನಲ್ಲಿ ಹುಡುಕಿದವರ ಕಣ್ಣಿಗೆ ಇಂಥ ಪಟ್ಟಿಗಳು ಬೀಳುತ್ತವೆ. ಜೊತೆಗೆ ‘ನಾನು 350 ಹಾಕಿಸಿಕೊಂಡೆ, ನಿಮಗೂ ಅದೇ ಸರಿ’ ಎನ್ನುವ ಸಲಹೆಗಳು, ‘ಮೊದಲು’ ಮತ್ತು ‘ನಂತರ’ದ ಫೋಟೋಗಳು. ನೋಡಲು ಚಪ್ಪಲಿ ಅಂಗಡಿಯ ಅಳತೆಯಷ್ಟೇ ಸರಳ. ಆದರೆ ಚಪ್ಪಲಿ ಬಿಗಿಯಾದರೆ ಬದಲಾಯಿಸಿಕೊಂಡು ಬರಬಹುದು. ಇಂಪ್ಲಾಂಟ್ ಬದಲಾಯಿಸಬೇಕೆಂದರೆ ಮತ್ತೊಂದು ಶಸ್ತ್ರಚಿಕಿತ್ಸೆಯೇ ಆಗಬೇಕು.

ಹಾಗಾದರೆ ಅಳತೆ ನಿರ್ಧಾರವಾಗುವುದು ಹೇಗೆ? ಒಂದೊಂದಾಗಿ ನೋಡೋಣ.

ಸಿಸಿ ಎಂದರೇನು?

ಇಂಪ್ಲಾಂಟ್ ಎಂದರೆ ಸಿಲಿಕೋನ್ ಹೊದಿಕೆಯ ಒಂದು ಚೀಲ. ಅದರೊಳಗೆ ಸಿಲಿಕೋನ್ ಜೆಲ್ ಅಥವಾ ಉಪ್ಪುನೀರು (ಸಲೈನ್) ಇರುತ್ತದೆ. ಅದು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಹೇಳುವ ಅಳತೆಯೇ ಸಿಸಿ. ಒಂದು ಸಿಸಿ ಎಂದರೆ ಒಂದು ಮಿಲಿಲೀಟರ್. 350 ಸಿಸಿಯ ಜೆಲ್ ಇಂಪ್ಲಾಂಟ್ ಸುಮಾರು 340 ಗ್ರಾಂ ತೂಗುತ್ತದೆ. ಎರಡೂ ಬದಿ ಸೇರಿದರೆ ಮುಕ್ಕಾಲು ಕೆಜಿಗೆ ಹತ್ತಿರ. ಅಷ್ಟು ಭಾರವನ್ನು ಎದೆಯ ಚರ್ಮ ಹಗಲಿರುಳು, ವರ್ಷಗಟ್ಟಲೆ ಹೊರಬೇಕು.

ಬ್ರಾ ಸೈಜ್‌ನಿಂದ ಸಿಸಿ ಲೆಕ್ಕ ಹಾಕಬಹುದೇ?

ಆಗುವುದಿಲ್ಲ. 34 ಎಂಬ ಸಂಖ್ಯೆ ಸ್ತನದ ಗಾತ್ರವಲ್ಲ, ಎದೆಯ ಸುತ್ತ ಕೂರುವ ಪಟ್ಟಿಯ ಅಳತೆ. ಎ, ಬಿ, ಸಿ ಎಂಬ ಕಪ್ ಅಕ್ಷರ ಹೇಳುವುದು ಆ ಪಟ್ಟಿಯ ಅಳತೆಗೂ ಎದೆಯ ತುಂಬು ಭಾಗದ ಅಳತೆಗೂ ಇರುವ ವ್ಯತ್ಯಾಸವನ್ನು. ಆದ್ದರಿಂದ 34ಬಿ, 32ಸಿ, 36ಎ ಮೂರರಲ್ಲೂ ಕಪ್‌ನ ಒಳಗಿನ ಜಾಗ ಹೆಚ್ಚು ಕಡಿಮೆ ಒಂದೇ. ಕಂಪನಿ ಬದಲಾದರೆ ಅಳತೆಯೂ ಬದಲಾಗುವುದು ಬ್ರಾ ಕೊಳ್ಳುವ ಎಲ್ಲರಿಗೂ ಗೊತ್ತಿರುವ ಮಾತು.

‘150ರಿಂದ 200 ಸಿಸಿ ಹಾಕಿದರೆ ಒಂದು ಕಪ್ ಹೆಚ್ಚುತ್ತದೆ’ ಎನ್ನುವುದು ಬಾಯಿಲೆಕ್ಕವಷ್ಟೇ. ಸಣ್ಣ ಮೈಕಟ್ಟಿನವರಲ್ಲಿ ಎದ್ದು ಕಾಣುವ ಸಿಸಿ, ಅಗಲ ಎದೆಯವರಲ್ಲಿ ಗೊತ್ತೇ ಆಗದಿರಬಹುದು. ಹೀಗಾಗಿ ‘ನಿಮಗೆ ಸಿ ಕಪ್ ಗ್ಯಾರಂಟಿ’ ಎನ್ನುವ ಜಾಹೀರಾತು ಕಂಡರೆ ಎಚ್ಚರದಿಂದಿರಿ.

ಮೊದಲು ನೋಡುವುದು ಅಗಲ

ಪ್ಲಾಸ್ಟಿಕ್ ಸರ್ಜನ್ ಟೇಪು ಹಿಡಿದು ಮೊದಲು ಅಳೆಯುವುದು ಸ್ತನದ ಬುಡದ ಅಗಲವನ್ನು. ಉದಾಹರಣೆಗೆ, ಒಬ್ಬರಿಗೆ ಅದು 12 ಸೆಂಟಿಮೀಟರ್ ಇದೆ ಎನ್ನಿ. ಇಂಪ್ಲಾಂಟ್‌ನ ಅಗಲ ಸಾಮಾನ್ಯವಾಗಿ ಅದರೊಳಗೇ ಇರಬೇಕು. ಅಲ್ಲಿ 14 ಸೆಂಟಿಮೀಟರ್‌ನದನ್ನು ತುರುಕಿದರೆ ಅದು ಕಂಕುಳಿನ ಕಡೆಗೆ ಸರಿಯಬಹುದು, ಇಲ್ಲವೇ ನಡುವೆ ಎರಡೂ ಬದಿ ಕೂಡಿಕೊಂಡಂತೆ ಕಾಣಬಹುದು.

ಇನ್ನೊಂದು ವಿಷಯ ಮುಂಚಾಚು, ಅಂದರೆ ಇಂಪ್ಲಾಂಟ್ ಎಷ್ಟು ಮುಂದಕ್ಕೆ ಉಬ್ಬುತ್ತದೆ ಎಂಬುದು. ರೊಟ್ಟಿಯ ಹಿಟ್ಟನ್ನೇ ನೆನಪಿಸಿಕೊಳ್ಳಿ. ಅದೇ ಉಂಡೆಯನ್ನು ತೆಳ್ಳಗೆ ತಟ್ಟಿದರೆ ಅಗಲ ರೊಟ್ಟಿ, ದಪ್ಪಗೆ ಬಿಟ್ಟರೆ ಪುಟ್ಟ ರೊಟ್ಟಿ. ಹಾಗೆಯೇ 300 ಸಿಸಿಯ ಇಂಪ್ಲಾಂಟ್ ಅಗಲವಾಗಿ ಚಪ್ಪಟೆಯಾಗಿಯೂ ಸಿಗುತ್ತದೆ, ಕಿರಿದಾಗಿ ಎತ್ತರವಾಗಿಯೂ ಸಿಗುತ್ತದೆ. ಗೆಳತಿಯ 300 ಮತ್ತು ನಿಮ್ಮ 300 ಒಂದೇ ಥರ ಕಾಣದಿರಲು ಇದೂ ಒಂದು ಕಾರಣ.

ಚರ್ಮ ಎಷ್ಟು ತಡೆದೀತು?

ಅಗಲದ ನಂತರ ನೋಡುವುದು ಚರ್ಮ ಎಷ್ಟು ಹಿಗ್ಗುತ್ತದೆ, ಮೊಲೆತೊಟ್ಟಿನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ ಎಷ್ಟು ಉದ್ದವಿದೆ, ಸ್ತನದ ಅಂಗಾಂಶ ಎಷ್ಟಿದೆ ಎಂಬುದನ್ನು. ಸ್ತನದ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಅದರ ದಪ್ಪವನ್ನೂ ಅಳೆಯುತ್ತಾರೆ. ಅದು 2 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಇಂಪ್ಲಾಂಟನ್ನು ಪೂರ್ತಿಯಾಗಿಯೋ ಭಾಗಶಃವೋ ಎದೆಯ ಸ್ನಾಯುವಿನ ಅಡಿ ಇಡುವುದೇ ಹೆಚ್ಚು. ಮೇಲೆ ಮರೆಮಾಡುವ ಪದರ ಸಾಲದಿದ್ದರೆ ಇಂಪ್ಲಾಂಟ್‌ನ ಅಂಚು, ಸುಕ್ಕು ಹೊರಗೆ ಎದ್ದು ಕಾಣುತ್ತವೆ.

ದೇಹ ತಡೆಯುವುದಕ್ಕಿಂತ ದೊಡ್ಡದನ್ನು ಹಾಕಿದರೆ ಕಾಲ ಕಳೆದಂತೆ ಚರ್ಮ ಮತ್ತು ಅಂಗಾಂಶ ತೆಳ್ಳಗಾಗಬಹುದು, ಇಂಪ್ಲಾಂಟ್ ಕೆಳಗೆ ಜಾರಬಹುದು, ಮೊಲೆತೊಟ್ಟಿನ ಸ್ಪರ್ಶಜ್ಞಾನ ಕುಂದಬಹುದು. ಇಂಪ್ಲಾಂಟ್ ತೆಗೆಸಿದರೂ ಹಿಗ್ಗಿದ ಚರ್ಮ ಮೊದಲಿನಂತಾಗುವುದು ಖಾತ್ರಿಯಿಲ್ಲ. ‘ಹೇಗೂ ಖರ್ಚು ಮಾಡುತ್ತಿದ್ದೇವೆ, ದೊಡ್ಡದೇ ಇರಲಿ’ ಎಂಬ ಮಾತು ದುಬಾರಿಯಾಗುವುದು ಇಲ್ಲೇ.

ಅಕ್ಕಿಯ ಪ್ರಯೋಗ ಮಾಡಬಹುದೇ?

ಮಾಡಬಹುದು, ಆದರೆ ಅದರ ಮಿತಿ ಗೊತ್ತಿರಲಿ. ಅಡುಗೆಮನೆಯ ಅಳತೆ ಲೋಟದಲ್ಲಿ 250 ಅಥವಾ 300 ಮಿಲಿಯಷ್ಟು ಅಕ್ಕಿ ತೆಗೆದುಕೊಂಡು, ತೆಳು ಕವರಿಗೆ ಹಾಕಿ ಕಟ್ಟಿ, ಮೆತ್ತೆಯಿಲ್ಲದ ಬ್ರಾ ಒಳಗಿಟ್ಟು ದಿನವಿಡೀ ಓಡಾಡಿ ನೋಡುತ್ತಾರೆ. ಮೆಟ್ಟಿಲು ಹತ್ತುವಾಗ, ಮನೆಗೆಲಸ ಮಾಡುವಾಗ ಅಷ್ಟು ಗಾತ್ರ ನಿಮಗೆ ಹಿತವೇ, ಬಟ್ಟೆಯಲ್ಲಿ ಹೇಗೆ ಕಾಣುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ. ಆದರೆ ಸ್ನಾಯುವಿನ ಅಡಿಗೆ ಹೋದ ಇಂಪ್ಲಾಂಟ್ ಸ್ವಲ್ಪ ಒತ್ತಿಹೋಗುವುದರಿಂದ ಹೊರಗಿಟ್ಟಷ್ಟು ದೊಡ್ಡದಾಗಿ ಕಾಣದಿರಬಹುದು. ನಿಮ್ಮ ಚರ್ಮ ಎಷ್ಟು ತಡೆಯುತ್ತದೆ ಎಂಬುದನ್ನಂತೂ ಅಕ್ಕಿ ಹೇಳಲಾರದು.

‘ಜೋತುಬಿದ್ದದ್ದು ಇಂಪ್ಲಾಂಟ್‌ನಿಂದ ಸರಿಹೋಗುತ್ತದೆ’

ಇದು ಅರ್ಧ ಸತ್ಯ. ಇಂಪ್ಲಾಂಟ್ ತುಂಬಿಸುತ್ತದೆ, ಮೇಲೆತ್ತುವುದಿಲ್ಲ. ಹೆರಿಗೆಯ ನಂತರವೋ ತೂಕ ಇಳಿಸಿದ ಮೇಲೋ ಮೊಲೆತೊಟ್ಟು ಕೆಳಗಿನ ಮಡಿಕೆಗಿಂತ ಕೆಳಗೆ ಬಂದಿದ್ದರೆ ಅದಕ್ಕೆ ಮೇಲೆತ್ತುವ ಬೇರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದರ ಬದಲು ದೊಡ್ಡ ಇಂಪ್ಲಾಂಟ್ ಹಾಕಿಸಿದರೆ ಭಾರ ಹೆಚ್ಚಿ ಮತ್ತಷ್ಟು ಜೋಲಬಹುದು. ಒಂದು ಬದಿ ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಿರುವುದು ಬಹುತೇಕ ಎಲ್ಲ ಹೆಂಗಸರಲ್ಲೂ ಸಹಜ. ಕೆಲವರಿಗೆ ಎರಡು ಬದಿಗೆ ಎರಡು ಅಳತೆಯ ಇಂಪ್ಲಾಂಟ್ ಆರಿಸುವುದೂ ಉಂಟು.

ಕ್ಯಾನ್ಸರ್ ಚಿಕಿತ್ಸೆಯ ನಂತರ

ಸ್ತನ ತೆಗೆಸಿಕೊಂಡವರಲ್ಲಿ ಅಳತೆಯ ಪ್ರಶ್ನೆಯೇ ಬೇರೆ. ಇಲ್ಲಿ ಇನ್ನೊಂದು ಬದಿಗೆ ಹೊಂದಿಸಬೇಕು. ಉಳಿದ ಚರ್ಮ ಸಾಲದಿದ್ದರೆ ಮೊದಲು ಹಿಗ್ಗುವ ಚೀಲವೊಂದನ್ನು ಇಟ್ಟು, ಕೆಲವು ವಾರಗಳಿಂದ ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವೇ ತುಂಬಿಸಿ, ನಂತರ ಇಂಪ್ಲಾಂಟ್ ಹಾಕುತ್ತಾರೆ. ರೇಡಿಯೇಷನ್ ಆದವರಲ್ಲಿ ಇಂಪ್ಲಾಂಟ್ ಸುತ್ತ ಗಟ್ಟಿ ಪೊರೆ ಬಿಗಿದುಕೊಳ್ಳುವ ಸಾಧ್ಯತೆ ಹೆಚ್ಚು. ಅಂಥವರಿಗೆ ಸ್ವಂತ ಹೊಟ್ಟೆಯ ಅಥವಾ ಬೆನ್ನಿನ ಅಂಗಾಂಶದಿಂದ ಸ್ತನ ರೂಪಿಸುವ ದಾರಿಯೂ ಇದೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರು ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನ ಬಳಸಬಹುದು. ಏನೂ ಬೇಡವೆಂದು ಹಾಗೆಯೇ ಇರುವುದೂ ಸರಿಯಾದ ಆಯ್ಕೆಯೇ.

‘ಒಮ್ಮೆ ಹಾಕಿಸಿದರೆ ಜೀವನಪರ್ಯಂತ’

ಸುಳ್ಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಹೇಳುವಂತೆ ಇವು ಜೀವಮಾನ ಬಾಳುವ ಸಾಧನಗಳಲ್ಲ. ಗಾತ್ರ ಹೆಚ್ಚಿಸಲು ಹಾಕಿಸಿಕೊಂಡವರಲ್ಲಿ 8ರಿಂದ 10 ವರ್ಷಗಳೊಳಗೆ ಐವರಲ್ಲಿ ಒಬ್ಬರವರೆಗೆ ತೆಗೆಸಬೇಕಾಗಿ ಬರುತ್ತದೆ ಎಂದೂ ಅದು ತಿಳಿಸುತ್ತದೆ. 2021ರಲ್ಲಿ ಈ ಸಂಸ್ಥೆ ಇಂಪ್ಲಾಂಟ್‌ಗಳಿಗೆ ಅತಿ ಗಂಭೀರ ಎಚ್ಚರಿಕೆಯ ಚೌಕಟ್ಟನ್ನು ಕಡ್ಡಾಯ ಮಾಡಿತು. ಜೆಲ್ ಇಂಪ್ಲಾಂಟ್ ಸದ್ದಿಲ್ಲದೆ ಒಡೆದಿರಬಹುದು. ಅದಕ್ಕಾಗಿ 5–6 ವರ್ಷಗಳಿಗೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2–3 ವರ್ಷಕ್ಕೊಮ್ಮೆ ಪರೀಕ್ಷೆ ಎಂಬುದು ಅದರ ಸಲಹೆ. ಈ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹೊರಮೈ ಒರಟಾಗಿರುವ ಇಂಪ್ಲಾಂಟ್‌ಗಳ ಜೊತೆ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರ್‌ನ ನಂಟು ಕಂಡುಬಂದಿದೆ. ಇದೇ ಕಾರಣಕ್ಕೆ ಅಲರ್ಗಾನ್ ಕಂಪನಿ 2019ರಲ್ಲಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ತೆಗೆದುಕೊಂಡಿತು. ವರ್ಷಗಳ ನಂತರ ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ, ಗಂಟು ಅಥವಾ ನೋವು ಕಂಡರೆ, ಆಕಾರ ಬದಲಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮ್ಯಾಮೋಗ್ರಾಮ್ ಮಾಡಿಸುವಾಗ ಇಂಪ್ಲಾಂಟ್ ಇರುವುದನ್ನು ಮೊದಲೇ ತಿಳಿಸಿ. ಅದಕ್ಕೆ ಬೇರೆ ಕೋನಗಳ ಚಿತ್ರಗಳೂ ಬೇಕಾಗುತ್ತವೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

• ನಿಮ್ಮ ವಿದ್ಯಾರ್ಹತೆ ಏನು? ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಆಗಿದೆಯೇ? (ನೋಂದಣಿ ಸಂಖ್ಯೆಯನ್ನು ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು.)
• ನನ್ನ ಎದೆಯ ಅಗಲ ಎಷ್ಟು? ಅದಕ್ಕೆ ಹೊಂದುವ ಅತಿ ದೊಡ್ಡ ಇಂಪ್ಲಾಂಟ್ ಯಾವುದು?
• ಇಷ್ಟೇ ಸಿಸಿ ಏಕೆ? ಇದಕ್ಕಿಂತ ಚಿಕ್ಕದು ಸಾಲದೇ?
• ಹೊರಮೈ ನುಣುಪೋ ಒರಟೋ? ಕಂಪನಿ, ಸೀರಿಯಲ್ ಸಂಖ್ಯೆ ಇರುವ ಕಾರ್ಡ್ ಕೊಡುತ್ತೀರಾ?
• ಮುಂದೆ ಮಗುವಿಗೆ ಹಾಲುಣಿಸಲು ತೊಂದರೆಯಾಗಬಹುದೇ? ಗಾಯ ಎಲ್ಲಿ ಬರುತ್ತದೆ?
• ಮತ್ತೆ ಶಸ್ತ್ರಚಿಕಿತ್ಸೆ ಬೇಕಾದರೆ ಖರ್ಚು ಯಾರದು?

ಟೇಪು ಹಿಡಿಯದೆ, ಫೋಟೋ ನೋಡಿಯೇ ಸಿಸಿ ಹೇಳುವವರಿಂದ, ‘ಈ ವಾರ ರಿಯಾಯಿತಿ’ ಎಂದು ಅವಸರ ಮಾಡುವವರಿಂದ ದೂರವಿರಿ. ಗಂಡನೋ ಗೆಳೆಯನೋ ಹೇಳಿದ ಅಳತೆಗಿಂತ, ಅದನ್ನು ಹೊತ್ತು ಬದುಕಬೇಕಾದವರ ಮಾತು ಮುಖ್ಯ. ಚಿಕ್ಕ ಸ್ತನ ಕಾಯಿಲೆಯಲ್ಲ. ಹಾಲೂಡಿಸುವ ಶಕ್ತಿಯೂ ಗಾತ್ರವನ್ನು ಅವಲಂಬಿಸಿಲ್ಲ. ‘ಬೇಡ’ ಎಂದು ಎದ್ದು ಬರುವ ಹಕ್ಕು ಆಪರೇಷನ್ ಥಿಯೇಟರಿನ ಬಾಗಿಲವರೆಗೂ ನಿಮಗಿದೆ.

ಒಟ್ಟಿನಲ್ಲಿ

ಬ್ರಾ ಸೈಜ್ ನೋಡಿ ಸಿಸಿ ಹೇಳುವ ಪಟ್ಟಿಗಳು ದಾರಿ ತಪ್ಪಿಸುತ್ತವೆ. ಎದೆಯ ಅಗಲ, ಚರ್ಮ, ಅಂಗಾಂಶ ಮೂರನ್ನೂ ಅಳೆದ ಮೇಲೆ ಸಿಗುವ ಉತ್ತರವೇ ಸಿಸಿ. ಅದನ್ನು ಮೊದಲೇ ನಿಶ್ಚಯಿಸಿಕೊಂಡು ಹೋಗುವುದು ಸರಿಯಲ್ಲ. ಅಂಥ ಪಟ್ಟಿ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಮೇಲಿನ ಪ್ರಶ್ನೆಗಳನ್ನು ಕಳಿಸಿ.